ಒಗರು ಹುಡುಕಿದ ನಾಲಗೆ

ಒಗರನ್ನು ರುಚಿಗಳ ಸಾಲಿನಲ್ಲಿ ಎಣಿಸಿದವರನ್ನು ನಮ್ಮ ಸರ್ ಗೌರವದಿಂದಲೇ ವಿರೋಧಿಸುತ್ತಿದ್ದರು. ಅವರ ಪ್ರಕಾರ ಅದೊಂದು ಸ್ಪರ್ಶ. ಸಿಹಿ ಬಂದು ನಾಲಗೆಯ ಮೇಲೆ ಕೂರುತ್ತದೆ, ಹುಳಿ ಚುಚ್ಚುತ್ತದೆ, ಒಗರು ಮಾತ್ರ ನಾಲಗೆಯನ್ನು ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದರು. ಸೊಲ್ಲಾಪುರದ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು, ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಬಟ್ಟೆಯ ಚೀಲದಲ್ಲಿ ಕಾಯಿ ಚಿಕ್ಕುಗಳನ್ನು ತಂದು, ಹೋಳು ಮಾಡಿ, ಎಲ್ಲರ ಕೈಗೂ ಒಂದೊಂದು ಕೊಡುತ್ತಿದ್ದರು. ನಮ್ಮ ವರ್ಷದ ಸರದಿ ಬಂದಾಗ ನಾನು ಅಂತರಕಾಲೇಜು ಚರ್ಚಾಸ್ಪರ್ಧೆಯೊಂದರಲ್ಲಿ ಗೆದ್ದು ಬಂದು ವಾರವೂ ಕಳೆದಿರಲಿಲ್ಲ. ಹೋಳನ್ನು ಅಗಿದೆ. ಕೆನ್ನೆಯ ಒಳಗೋಡೆ ಹಲ್ಲಿಗೆ ಅಂಟಿಕೊಂಡಿತು, ನಾಲಗೆ ಒಣಗಿದ ಚರ್ಮದಂತಾಯಿತು. ಸರ್ ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು.

"ನೀನೇ ಅಲ್ಲೇನು ಮೊನ್ನೆ ಢಾಲು ಗೆದ್ದ ಬಂದಾಂವ? ಈಗ ಮಾತಾಡು ನೋಡೂಣು."

ತರಗತಿ ನಕ್ಕಿತು. ನಾನು ಬಾಯಿ ತೆರೆಯಲಾರದೆ ನಿಂತೆ. ಮಾತಿನ ಮೇಲೆ ನನಗಿದ್ದ ಅಭಿಮಾನಕ್ಕೆ ಅಂದು ಬಿದ್ದ ಏಟು ಒಳ್ಳೆಯದೇ ಆಗಿತ್ತು. ಆದರೆ ಅದು ಸಾಕಾಗಲಿಲ್ಲ ಎಂಬುದು ಹತ್ತು ವರ್ಷಗಳ ನಂತರ ತಿಳಿಯಿತು.

ಕಳೆದ ಚಳಿಗಾಲದಲ್ಲಿ ಸರ್ ತೀರಿಕೊಂಡರು. ಕಾಲೇಜಿನ ಸಭಾಗೃಹದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಸಹೋದ್ಯೋಗಿಗಳು ಒಬ್ಬರಾದ ಮೇಲೊಬ್ಬರು ಎದ್ದು, ಹಣ್ಣಿನ ವಿಷಯದಲ್ಲಿ ಅವರ ನಾಲಗೆ ಎಂದೂ ತಪ್ಪಿದ್ದಿಲ್ಲ ಎಂದು ಹೊಗಳಿದರು. ನನಗೂ ಎರಡು ನಿಮಿಷ ಕೊಟ್ಟರು. ದುಃಖದ ಸಭೆಯಲ್ಲಿ ತಕರಾರು ಸಲ್ಲದೆಂದು ಮಾಮೂಲಿ ಮಾತುಗಳನ್ನಾಡಿ ಕೆಳಗಿಳಿದೆ. ಅಂದಿನಿಂದ ಆ ಮೌನ ನನ್ನನ್ನು ಬಾಧಿಸುತ್ತಿದೆ. ಅವರ ನಾಲಗೆ ತಪ್ಪಿತ್ತು, ತುಂಬಾ ದೊಡ್ಡದಾಗಿಯೇ ತಪ್ಪಿತ್ತು. ಆ ತಪ್ಪನ್ನು ಅವರು ಏನು ಮಾಡಿದರೆಂಬುದನ್ನು ಬಿಟ್ಟು ಅವರನ್ನು ನೆನೆಯುವುದು ನನ್ನ ದೃಷ್ಟಿಯಲ್ಲಿ ಅವರನ್ನು ಮರೆತಂತೆಯೇ. ಹೆಸರು ಬರೆಯುವುದಿಲ್ಲ. ಯಾವುದಕ್ಕೂ ತಮ್ಮ ಹೆಸರು ಅಂಟಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

ಅವರು ಕಂದಲಗಾಂವದ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಕಲಿಸುತ್ತಿದ್ದುದು ಮರಾಠಿಯಲ್ಲಿ, ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಬೈಯುತ್ತಿದ್ದುದು ಮಾತ್ರ ಕನ್ನಡದಲ್ಲಿ. ಕನ್ನಡದಲ್ಲಿ ಬೈಸಿಕೊಳ್ಳುವ ವಿದ್ಯಾರ್ಥಿಗಳನ್ನು ಅವರು ಮನೆಯವರೆಂದು ಒಪ್ಪಿಕೊಂಡಿದ್ದಾರೆಂದು ನಾವು ತಿಳಿಯುತ್ತಿದ್ದೆವು. ಎತ್ತರದ ಆಳು, ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಅಂಗಿಯ ಎದೆಜೇಬಿನಲ್ಲಿ ಒಂದು ಪೆನ್ನು, ಒಂದು ಕೆಂಪು ಪೆನ್ಸಿಲ್, ಒಂದು ಪುಟ್ಟ ತಗಡಿನ ಡಬ್ಬಿ. ಡಬ್ಬಿಯಲ್ಲಿ ಕತ್ತರಿಸಿದ ಅಡಿಕೆ ಇರುತ್ತಿತ್ತು. ಊಟವಾದ ಮೇಲೆ ಒಂದು ಚೂರು, ತಾಸಿಗೊಂದು ಚೂರು, ಯೋಚನೆ ಬಂದಾಗ ಇನ್ನೊಂದು.

ಕಾಲೇಜು ಮುಗಿಸಿ ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಮಾಸ್ತರನಾದ ಮೇಲೆ ನಾನು ವ್ಯಸನಮುಕ್ತಿಯ ಕೆಲಸ ಹಿಡಿದೆ. ಹಳ್ಳಿಹಳ್ಳಿಗೆ ಮೋಟರ್‌ಸೈಕಲ್ ಮೇಲೆ ಹೋಗಿ ಗುಟ್ಕಾ, ತಂಬಾಕಿನ ವಿರುದ್ಧ ಮಾತನಾಡುತ್ತಿದ್ದೆ. ನಿಮ್ಮ ಬಾಯಲ್ಲಿ ಅಡಿಕೆ ಕಂಡವರು ನನ್ನ ಕಡೆ ನೋಡಿ ನಗುತ್ತಾರೆ ಎಂದು ಒಮ್ಮೆ ಸರ್‌ಗೆ ಹೇಳಿದೆ. ಅವರು ಡಬ್ಬಿ ತೆಗೆದು ತೋರಿಸಿದರು.

"ಇದು ಬರೇ ಅಡಕಿ, ತಮ್ಮಾ. ತಂಬಾಕ ಇಲ್ಲ, ಸುಣ್ಣ ಇಲ್ಲ. ಇದರ ಮ್ಯಾಲ ನಿನ್ನ ಭಾಷಣ ದಂಡ."

ನಾನು ಅಷ್ಟಕ್ಕೇ ಬಿಟ್ಟೆ. ಬೇರೆ ಯಾರಾದರೂ ಆಗಿದ್ದರೆ ಬಿಡುತ್ತಿರಲಿಲ್ಲ.

ಅವರು ಹುಡುಕುತ್ತಿದ್ದುದು ಒಗರಿಲ್ಲದ ನೇರಳೆಯನ್ನು. ನಮ್ಮ ಕಡೆಯ ಹಳ್ಳದ ದಂಡೆಗಳಲ್ಲಿ ನೇರಳೆ ತಾನಾಗಿಯೇ ಬೆಳೆಯುತ್ತದೆ, ನೀರು ಕೇಳುವುದಿಲ್ಲ, ಕಲ್ಲುಭೂಮಿಗೆ ಹೆದರುವುದಿಲ್ಲ. ಆದರೆ ಬಹಳಷ್ಟು ಮರಗಳ ಹಣ್ಣು ಕಪ್ಪಗೆ ಮಾಗಿದ ಮೇಲೂ ಬಾಯಿ ಹಿಡಿಯುತ್ತದೆ. ಉಪ್ಪು ಹಚ್ಚಿಕೊಂಡು ನಾಲ್ಕು ತಿನ್ನಬಹುದು, ಐದನೆಯದು ಬೇಡವೆನಿಸುತ್ತದೆ. ಅದೇಕೆ ಹಾಗೆ ಎಂಬುದನ್ನು ಸರ್ ಮರದ ಬುಡದಲ್ಲಿ ಕುಳಿತು ಹೇಳುವಾಗ ಕೇಳಬೇಕಿತ್ತು. ಬೀಜ ಬಲಿಯುವ ತನಕ ಯಾರೂ ಮುಟ್ಟದಿರಲಿ ಎಂದು ಮರ ಕಾಯಿಯೊಳಗೆ ಟ್ಯಾನಿನ್ ಎಂಬ ಒಗರು ಪದಾರ್ಥ ತುಂಬಿಡುತ್ತದೆ. ಅದು ನಮ್ಮ ಉಗುಳಿನ ಜಾರುವ ಗುಣವನ್ನು ಕಸಿಯುತ್ತದೆ, ಹಾಗಾಗಿ ಬಾಯಿ ಹಿಡಿದಂತಾಗುತ್ತದೆ. ಬೀಜ ಬಲಿತಾಗ ಮಾಗುವ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಗಾಳಿಯಂಥದೊಂದು ಸಂದೇಶ ಕಾಯಿಯಲ್ಲಿ ಹುಟ್ಟುತ್ತದೆ, ಗಟ್ಟಿಯಾದದ್ದು ಮೆತ್ತಗಾಗುತ್ತದೆ, ಹಿಟ್ಟು ಸಕ್ಕರೆಯಾಗುತ್ತದೆ. ಆಗ ಒಗರೇನಾಯಿತು? ಎಷ್ಟೋ ಹಣ್ಣುಗಳಲ್ಲಿ ಅದು ಎಲ್ಲಿಗೂ ಹೋಗಿರುವುದಿಲ್ಲ, ಸಣ್ಣ ತುಣುಕುಗಳು ಒಂದಕ್ಕೊಂದು ಹೆಣೆದುಕೊಂಡು ನೀರಿನಲ್ಲಿ ಕರಗದಷ್ಟು ದೊಡ್ಡವಾಗಿರುತ್ತವೆ, ಅಷ್ಟೆ. ಕರಗದ್ದು ನಾಲಗೆಗೆ ಸಿಗುವುದಿಲ್ಲ. ಇನ್ನು ಕೆಲವು ಮರಗಳಲ್ಲಿ ಒಗರು ಮಾಡುವ ಕೆಲಸವೇ ಕಾಯಿ ಚಿಕ್ಕದಿರುವಾಗ ನಿಂತುಹೋಗುತ್ತದೆ. ಆಮೇಲೆ ಕಾಯಿ ಬೆಳೆದಂತೆ, ಇದ್ದಷ್ಟು ಒಗರು ಇಡೀ ಹಣ್ಣಿಗೆ ಹಂಚಿಹೋಗಿ ತೆಳುವಾಗುತ್ತದೆ. ತಂಪು ನಾಡಿನ ಹಣ್ಣೊಂದರಲ್ಲಿ ಈ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುತ್ತದಂತೆ. ನಮ್ಮ ನೇರಳೆಯಲ್ಲಿಯೂ ಅಂಥ ಮರ ಎಲ್ಲೋ ಒಂದು ಇರಲೇಬೇಕು, ಅದನ್ನು ಕಂಡು ಕಸಿ ಕಟ್ಟಿದರೆ ಈ ಭಾಗದ ಬದುವುಗಳೆಲ್ಲ ತೋಟವಾಗುತ್ತವೆ ಎಂಬುದು ಅವರ ನಂಬಿಕೆ. ಬೀಜ ಬಿತ್ತಿದರೆ ಮಗು ತಾಯಿಯನ್ನು ಹೋಲುವ ಭರವಸೆಯಿಲ್ಲ, ಕಸಿಯಲ್ಲಿ ತಾಯಿಯೇ ಮುಂದುವರಿಯುತ್ತಾಳೆ.

ಇದರಲ್ಲಿ ಸಮಾಜಕ್ಕೊಂದು ಪಾಠವಿದೆ ಎಂದು ನಾನು ಶುರುಮಾಡಿದರೆ ಅವರು ಕೈ ಎತ್ತಿ ತಡೆಯುತ್ತಿದ್ದರು. "ಗಿಡದಾಗ ನಿನ್ನ ಭಾಷಣ ತುರಕಬ್ಯಾಡ. ಗಿಡ ಏನ ಹೇಳತದ ಅದನ್ನ ಕೇಳು."

ಅವರ ಹಣ್ಣಿನ ಪರೀಕ್ಷೆಗೊಂದು ಶಿಸ್ತಿತ್ತು. ಕುಕ್ಕರುಗಾಲಿನಲ್ಲಿ ಕುಳಿತು, ಬಾಯಿ ಮುಕ್ಕಳಿಸಿ ಉಗುಳಿ, ಹಣ್ಣನ್ನು ಕರವಸ್ತ್ರದಿಂದ ಒರೆಸಿ, ಅರ್ಧ ಕಚ್ಚುತ್ತಿದ್ದರು. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತಿದ್ದರು. ನಂತರ ವಹಿಯಲ್ಲಿ ಮರದ ಗುರುತು ಬರೆದು, ಎದುರಿಗೆ ಸೊನ್ನೆಯಿಂದ ಐದರವರೆಗಿನ ಒಂದು ಅಂಕ. ಪ್ರಯೋಗಶಾಲೆಯಲ್ಲಿ ಟ್ಯಾನಿನ್ ಅಳೆಯುವ ವಿಧಾನ ಅವರಿಗೆ ಗೊತ್ತಿತ್ತು. ಆದರೆ ಆ ವಿಧಾನದಲ್ಲಿ ಕರಗದೆ ಅಡಗಿದ ಒಗರೂ ಬಾಯಿ ಹಿಡಿಯುವ ಒಗರೂ ಕೂಡಿಯೇ ಲೆಕ್ಕಕ್ಕೆ ಬರುತ್ತವೆ, ತಿನ್ನುವವನಿಗೆ ಬೇಕಾದ ಉತ್ತರ ನಾಲಗೆಯಲ್ಲಿ ಮಾತ್ರ ಇದೆ ಎಂದು ಅವರು ವಾದಿಸುತ್ತಿದ್ದರು. ಇಪ್ಪತ್ತು ವರ್ಷಗಳ ವಹಿಗಳಲ್ಲಿ ಎರಡು, ಮೂರು, ನಾಲ್ಕು ತುಂಬಿದ್ದವು. ಸೊನ್ನೆ ಮಾತ್ರ ಎಲ್ಲೂ ಇರಲಿಲ್ಲ.

ದುಧನಿಯ ಆಚೆ, ರೈಲು ಹಳಿಗೆ ಹತ್ತಿರದ ಹಳ್ಳದಲ್ಲಿ, ಒಂದು ಜೂನಿನಲ್ಲಿ ಅವರು ಸೊನ್ನೆ ಬರೆದರು. ನಾನು ಪಕ್ಕದಲ್ಲಿದ್ದೆ. ದಪ್ಪ ಹಣ್ಣು, ಚಿಕ್ಕ ಬೀಜ, ತುಂಬು ರಸ. ಅವರು ಕಣ್ಣು ತೆರೆದು ಏನೂ ಹೇಳದೆ ನನ್ನ ಕೈಗೊಂದು ಹಣ್ಣು ಕೊಟ್ಟರು. ತಿಂದೆ. ಸಿಹಿಯ ಹಿಂದೆ ಬಾಯಿ ಬಿಗಿಯಿತು. ಚಿಕ್ಕು ಕಾಯಿಯಷ್ಟಲ್ಲ, ಆದರೆ ಬಿಗಿಯಿತು. ಆಗ ನನಗೆ ಬಂದ ಯೋಚನೆಯನ್ನು ಇಲ್ಲಿ ಮುಚ್ಚಿಡದೆ ಬರೆಯಬೇಕು. ಸರ್ ಸೊನ್ನೆ ಎಂದಿದ್ದಾರೆ, ಹಾಗಾದರೆ ನನ್ನ ನಾಲಗೆಗೇ ಅಭ್ಯಾಸವಿಲ್ಲ ಎಂದುಕೊಂಡೆ. ಏನನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಊರೂರಲ್ಲಿ ಹೇಳುತ್ತಿದ್ದವನು ನಾನು.

ಆ ಮರದಿಂದ ಕಸಿ ಕಟ್ಟಿ ತಡವಳದ ಕೆಲವು ಮನೆಗಳಿಗೆ ಕೊಡಬೇಕೆಂಬುದು ನನ್ನ ಹಂಬಲ. ಅಲ್ಲಿ ಕುರಿ ಸಾಕುವ, ಒಣಬೇಸಾಯದ ಐದು ಮನೆಯವರು ನನ್ನ ಸಭೆಗಳಿಗೆ ಬರುತ್ತಿದ್ದರು. ಗಂಡಸರು ತಂಬಾಕು ಬಿಟ್ಟ ಮನೆಗಳವು. ಸರ್ ಹಿಂಜರಿದರು.

"ಒಂದ ನಾಲಗಿ ಸಾಕಾಗಂಗಿಲ್ಲ, ತಮ್ಮಾ. ಇನ್ನ ನಾಕ ಮಂದಿ ತಿಂದು ಹೇಳಲಿ. ಒಂದ ವರ್ಷ ತಡಿ."

ನಾನು ತಡೆಯಲಿಲ್ಲ. ಕಾಲೇಜಿನ ಚರ್ಚೆಗಳಲ್ಲಿ ಕಲಿತದ್ದನ್ನೆಲ್ಲ ಬಳಸಿದೆ. ಇಪ್ಪತ್ತು ವರ್ಷ ಪಳಗಿದ ನಾಲಗೆಯ ಎದುರು ಅಭ್ಯಾಸವಿಲ್ಲದ ನಾಲ್ಕು ನಾಲಗೆಗಳು ಯಾವ ಸಾಕ್ಷಿ ಎಂದೆ. ಪರಿಪೂರ್ಣತೆಗಾಗಿ ಕಾಯುವುದೂ ಒಂದು ಬಗೆಯ ಅನ್ಯಾಯ ಎಂದೆ. ಅವರು ಅಡಿಕೆ ಅಗಿಯುತ್ತ ಕೇಳಿದರು, ಕೊನೆಗೆ ತಲೆಯಾಡಿಸಿದರು. ನಾನು ಗೆದ್ದ ವಾದಗಳಲ್ಲಿ ಇದೊಂದನ್ನು ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ತಡವಳದಲ್ಲಿ ಈ ಗಿಡಗಳ ಹೊಣೆ ಹೊತ್ತವಳು ಮಾಳವ್ವ. ಐವತ್ತರ ಹತ್ತಿರದ ಹೆಣ್ಣುಮಗಳು, ಮದುವೆಗೆ ಮುಂಚೆ ತವರಿನ ಕುರಿ, ಮದುವೆಯಾದ ಮೇಲೆ ಗಂಡನ ಮನೆಯ ಕುರಿ ಎಂದು ಇಡೀ ತಾಲೂಕನ್ನು ಕಾಲಲ್ಲಿ ಅಳೆದವಳು. ಮಾತು ಕಡಿಮೆ, ಆಡಿದ್ದು ನೆಟ್ಟಗೆ. ಗಿಡ ನೆಡುವ ದಿನ ಅವಳು ಪ್ರತಿ ಕುಣಿಗೂ ಕುರಿ ಸಾಕುವವರ ದೇವರಾದ ಬೀರೋಬನ ಭಂಡಾರ, ಅಂದರೆ ಅರಿಸಿನದ ಪುಡಿ, ಚಿಟಿಕೆ ಚಿಟಿಕೆ ಉದುರಿಸಿದಳು. ಸರ್ ಅದನ್ನು ಗೌರವದಿಂದ ನೋಡುತ್ತ ನಿಂತರು. ನಾನು ಮೂಢನಂಬಿಕೆಯ ಮೇಲೆ ಏನೋ ಹೇಳಹೊರಟಾಗ ನನ್ನ ಕಾಲು ತುಳಿದರು. ಸುತ್ತ ಮುಳ್ಳು ಬೇಲಿ ಹಾಕಿ, ಕುರಿಗಳಿಂದ ಕಾಯ್ದು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಆ ಮನೆಗಳವರು ಗಿಡಗಳನ್ನು ಬೆಳೆಸಿದರು. ಒಮ್ಮೆ ಬೇಲಿ ಬಿದ್ದು ಒಂದು ಹೊಲಕ್ಕೆ ಕುರಿ ನುಗ್ಗಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ.

ಐದನೆಯ ವರ್ಷ ಮೊದಲ ಹಣ್ಣು ಬಂತು. ಆ ಮನೆಗಳ ಪದ್ಧತಿಯಲ್ಲಿ ಹೊಸ ಮರದ ಮೊದಲ ಫಲ ಬೀರೋಬನಿಗೆ, ಅದಕ್ಕೂ ಮುಂಚೆ ಯಾರೂ ಬಾಯಿಗಿಡುವಂತಿಲ್ಲ. ಬುಟ್ಟಿಗಟ್ಟಲೆ ಹಣ್ಣು ಗುಡಿಗೆ ಹೋಯಿತು, ನೈವೇದ್ಯವಾಯಿತು, ಪ್ರಸಾದವಾಗಿ ಊರಿಗೆಲ್ಲ ಹಂಚಿಕೆಯಾಯಿತು. ನಾನೂ ಒಂದನ್ನು ತಿಂದೆ. ದುಧನಿಯ ಹಳ್ಳದಲ್ಲಿ ಆದಂತೆಯೇ ಆಯಿತು. ಸುತ್ತ ನೋಡಿದೆ. ಎಲ್ಲರೂ ಕಣ್ಣಿಗೊತ್ತಿಕೊಂಡು, ತಿಂದು, ಸುಮ್ಮನಿದ್ದರು. ಇಷ್ಟು ಮಂದಿಗೆ ಒಗರು ಹತ್ತದಿದ್ದರೆ ನನ್ನದೇ ದೋಷ ಎಂದು ಮತ್ತೊಮ್ಮೆ ನನ್ನನ್ನೇ ಒಪ್ಪಿಸಿಕೊಂಡೆ. ಸರ್ ತಿಂದು, ಕಣ್ಣು ಮುಚ್ಚಿ, ಇಪ್ಪತ್ತು ಎಣಿಸಿ, ವಹಿಯಲ್ಲಿ ಮತ್ತೆ ಸೊನ್ನೆ ಬರೆದರು. ಕಾಲೇಜಿನವರು ಈ ತಳಿಗೆ ಸರ್ ಹೆಸರನ್ನೇ ಇಡಬೇಕೆಂದು, ಅವರು ನಿವೃತ್ತರಾಗುವ ದಿನ ಅದನ್ನು ಸಾರಬೇಕೆಂದು ಮಾತಾಡತೊಡಗಿದ್ದರು.

ಮರುವರ್ಷದ ಹಣ್ಣನ್ನು ಸೊಲ್ಲಾಪುರದ ಮಾರುಕಟ್ಟೆಗೆ ಒಯ್ದೆವು. ತಲೆಮಾರುಗಳಿಂದ ಹಣ್ಣಿನ ವ್ಯಾಪಾರ ಮಾಡಿಕೊಂಡು ಬಂದ ಮನೆತನದ ಹಿರಿಯರೊಬ್ಬರು ಬುಟ್ಟಿಗಳನ್ನು ಇಳಿಸಿಕೊಂಡರು. ನಾಲ್ಕು ದಿನದ ಮೇಲೆ ನನ್ನನ್ನು ಕರೆಸಿ ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿ, ಆಮೇಲೆ ಹೇಳಿದರು.

"ಮಾಸ್ತರ, ಮಾಲು ನೋಡಾಕ ಭಾಳ ಛಲೋ ಅದ. ಖರೇ ಒಮ್ಮೆ ತಿಂದ ಗಿರಾಕಿ ಎರಡನೇ ಸಲ ತಿರುಗಿ ಬರವಲ್ಲರು. ತುರಟ ಅದರಿ ಇದು. ನಿಮಗ್ಯಾರೂ ಹೇಳಿಲ್ಲೇನು?"

ತುರಟ ಎಂದರೆ ಮರಾಠಿಯಲ್ಲಿ ಒಗರು. ಯಾರೂ ಹೇಳಿರಲಿಲ್ಲ.

ಸರ್ ಬಳಿಗೆ ಹೋಗುವ ದಾರಿಯಲ್ಲೇ ನಾನು ಸಮರ್ಥನೆಯನ್ನು ಕಟ್ಟಿ ಮುಗಿಸಿದ್ದೆ. ಕುರಿಗಳು ನುಗ್ಗಿ ಕಸಿಯ ಮೇಲ್ಭಾಗ ತಿಂದಿರಬೇಕು, ಕೆಳಗಿನ ಕಾಡು ನೇರಳೆಯ ಬೇರು ಚಿಗುರಿ ಮರವಾಗಿರಬೇಕು, ಪಾಪ ತಡವಳದವರು ತಿಳಿಯದೆ ಅದನ್ನೇ ಸಾಕಿರಬೇಕು. ಕೇಳುವವರು ತಕ್ಷಣ ನಂಬುವಂಥ ವಾದ. ತಳಿಯ ಹೆಸರೂ ಉಳಿಯುತ್ತಿತ್ತು, ಸರ್ ಮರ್ಯಾದೆಯೂ ಉಳಿಯುತ್ತಿತ್ತು, ತಪ್ಪು ಕುರಿಗಳ ಪಾಲಿಗೆ ಹೋಗುತ್ತಿತ್ತು. ಸರ್ ಪೂರ್ತಿ ಕೇಳಿದರು. ನಡಿ ನೋಡೋಣ ಎಂದು ನನ್ನ ಗಾಡಿಯ ಹಿಂದೆ ಕುಳಿತರು.

ತಡವಳದ ಹೊಲಗಳಲ್ಲಿ ಅವರು ಪ್ರತಿಯೊಂದು ಮರದ ಬುಡದಲ್ಲಿಯೂ ಕುಳಿತು, ಮುಳ್ಳು ಸರಿಸಿ, ನೆಲದಿಂದ ಗೇಣೆತ್ತರದಲ್ಲಿ ಹೆಬ್ಬೆರಳಾಡಿಸಿದರು. ಕಸಿ ಕೂಡಿದ ಜಾಗದಲ್ಲಿ ತೊಗಟೆ ಉಬ್ಬಿ ಗಂಟಾಗಿರುತ್ತದೆ. ಕುರಿ ನುಗ್ಗಿದ್ದ ಹೊಲದಲ್ಲಿಯೂ ಗಂಟು ಇತ್ತು. ಕೊನೆಯ ಮರದ ಬುಡದಿಂದ ಏಳುವಾಗ ಅವರು ನನ್ನ ಭುಜ ಹಿಡಿದುಕೊಂಡರು.

"ಗಂಟ ಅದ. ಮ್ಯಾಲಿನ ಮರ ನಾ ಕೊಟ್ಟದ್ದ. ಕುರಿ ಮ್ಯಾಲ ಹಾಕಬ್ಯಾಡ, ತಮ್ಮಾ."

ವಾರದ ನಂತರ ಸಂಜೆ ಅವರ ಮನೆಗೆ ಬರಹೇಳಿದರು. ತಟ್ಟೆಯಲ್ಲಿ ಕಾಯಿ ಚಿಕ್ಕುವಿನ ಹೋಳುಗಳಿದ್ದವು. ಕಾಲೇಜಿನ ವಿಷಯ ಮಾತಾಡುತ್ತ ಅವರು ಒಂದಾದ ಮೇಲೊಂದು ಮೂರು ಹೋಳು, ಸವತೆಕಾಯಿ ತಿಂದಂತೆ ತಿಂದರು. ಆಮೇಲೆ ಒಂದು ನನಗೆ ಕೊಟ್ಟರು. ನನ್ನ ಮುಖ ಕಿವುಚಿತು, ಮಾತು ನಿಂತಿತು. ಅವರು ನನ್ನ ಮುಖವನ್ನೇ, ಮರವನ್ನು ನೋಡುವ ಹಾಗೆ, ನೋಡುತ್ತಿದ್ದರು.

"ನಂದು ಹಂಗ ಆಗಲಿಲ್ಲ," ಎಂದರು. ಜೇಬಿನಿಂದ ಅಡಿಕೆಯ ಡಬ್ಬಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. "ಇದೂ ವಗರ ಅಲ್ಲೇನು? ಮೂವತ್ತ ವರ್ಷ ಹಗಲೆಲ್ಲಾ ಇದನ್ನ ಅಗದೀನಿ. ದಿನಾ ಬಾಗಲಾ ಬಡದರ ಮನಿಯವರು ಎದ್ದು ಬರೂದು ಬಿಡತಾರ."

ವೈದ್ಯರು ಇದಕ್ಕೆ ಏನೆನ್ನುತ್ತಾರೋ ನಾನರಿಯೆ. ಸರ್ ತಮ್ಮ ಮಟ್ಟಿಗೆ ಸಾಬೀತು ಮಾಡಿಕೊಂಡಿದ್ದರು. ಹಳೆಯ ವಹಿಗಳನ್ನು ತರಿಸಿ ತೋರಿಸಿದರು. ಒಂದೇ ಮರಕ್ಕೆ ಮೊದಲ ವರ್ಷಗಳಲ್ಲಿ ನಾಲ್ಕು, ಆಮೇಲೆ ಮೂರು, ಆಮೇಲೆ ಎರಡು ಎಂದು ಅಂಕ ಇಳಿಯುತ್ತ ಬಂದಿತ್ತು. ಮರಗಳು ಸುಧಾರಿಸುತ್ತಿವೆ ಎಂದು ಅವರು ತಿಳಿದಿದ್ದರು, ಮಂದವಾಗುತ್ತಿದ್ದುದು ನಾಲಗೆ. ಕೆಂಪು ಪೆನ್ಸಿಲಿನಿಂದ ಆ ಅಂಕಣಗಳ ಮೇಲೆಲ್ಲ ಗೆರೆ ಎಳೆದಿದ್ದರು. ಇಷ್ಟು ವರ್ಷದ ಕೆಲಸವಲ್ಲವೇ ಎಂದೆ. ಹಾಳೆ ಹರಿದಿಲ್ಲ ನೋಡು, ತಪ್ಪು ಎಲ್ಲಿಂದ ಶುರುವಾಯಿತೆಂದು ಮುಂದಿನವರಿಗೆ ತಿಳಿಯಬೇಕಲ್ಲ ಎಂದರು. ಕಾಲೇಜಿಗೆ ಅದೇ ದಿನ ಪತ್ರ ಬರೆದು ತಳಿಗೆ ಹೆಸರಿಡುವ ವಿಚಾರ ಕೈಬಿಡಬೇಕೆಂದು ಕೇಳಿದ್ದರು. ಕಾರಣವನ್ನೂ ಬರೆದಿದ್ದರು. ಪತ್ರ ಯಾವ ಕಡತದಲ್ಲಿ ಮುಚ್ಚಿಹೋಯಿತೋ, ಶ್ರದ್ಧಾಂಜಲಿ ಸಭೆಯಲ್ಲಿ ಅದರ ಸುದ್ದಿಯೇ ಬರಲಿಲ್ಲ.

ಆದರೆ ಕಾಲೇಜಿಗೆ ಬರೆಯುವುದು ಸುಲಭದ ಭಾಗ. ತಡವಳದಲ್ಲಿ ಐದು ಮನೆಗಳ ಆರು ವರ್ಷದ ಆರೈಕೆ ಮರವಾಗಿ ನಿಂತಿತ್ತು. ನಾನೇ ಹೋಗಿ ಮೆತ್ತಗೆ ತಿಳಿಸುತ್ತೇನೆ, ನೀವು ಬರಬೇಡಿ ಎಂದೆ. ಮೆತ್ತಗೆ ಹೇಳುವುದೇ ಬೇಡ ಎಂದು ಅವರು ಬಂದರು.

ಬೀರೋಬನ ಗುಡಿಯ ಮುಂದಿನ ಕಟ್ಟೆಯಲ್ಲಿ ಎಲ್ಲರೂ ಕೂಡಿದ್ದರು. ಸರ್ ಕೂರಲಿಲ್ಲ, ನಿಂತೇ ಮಾತಾಡಿದರು.

"ನನ್ನ ನಾಲಗಿ ಕೆಟ್ಟಿತ್ತು. ನನಗ ವಗರು ತಿಳೀಲಿಲ್ಲ. ಒಗರಿಲ್ಲದ್ದು ಅಂತ ಹೇಳಿ ನಿಮ್ಮ ಕಡಿಂದ ಹಚ್ಚಿಸೀನಿ. ಗಿಡದ್ದು ತಪ್ಪಿಲ್ಲ, ನಿಮ್ಮದೂ ಇಲ್ಲ."

ಹಿರಿಯನೊಬ್ಬ, ಇರಲಿ ಬಿಡ್ರಿ ಸರ, ನೆರಳಾದರೂ ಆಯ್ತು ಎಂದ. ಸರ್ ಅದನ್ನು ಸ್ವೀಕರಿಸಲಿಲ್ಲ. ಹೋದ ವರ್ಷ ತಿಂದಾಗ ನಿಮಗೆ ಒಗರು ಹತ್ತಲಿಲ್ಲವೇ ಎಂದು ಕೇಳಿದರು. ತಲೆಗಳು ಬಗ್ಗಿದವು. ಮಾಳವ್ವ ಸೆರಗು ಸರಿಮಾಡಿಕೊಂಡು ಹೇಳಿದಳು.

"ಹತ್ತಿತ್ತರಿ. ಬೀರೋಬನ ಮುಂದ ಇಟ್ಟು ತಂದದ್ದಕ್ಕ ಹೆಸರಿಡಬಾರದರಿ ಸರ. ದೇವರಿಗಿ ಅಂಜಿ ನಾವು ಸುಮ್ಮ ಕುಂತಿವಿ."

ಪ್ರಸಾದದಲ್ಲಿ ಕೊರತೆ ಹೇಳಬಾರದು. ಇಡೀ ಊರು ಒಂದೇ ಕ್ಷಣದಲ್ಲಿ ಒಗರನ್ನು ಉಂಡು, ಒಂದೇ ಮೌನದಲ್ಲಿ ನುಂಗಿತ್ತು. ನನ್ನೊಳಗಿನ ಸುಧಾರಕ ತಕ್ಷಣ ಎದ್ದು ಕುಳಿತ. ಇಂಥ ಕುರುಡು ಭಕ್ತಿಯಿಂದಲೇ ಅಲ್ಲವೇ ಒಂದು ವರ್ಷ ಹಾಳಾದದ್ದು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

"ಅವತ್ತ ನೀವೂ ತಿಂದ್ರಿ, ಮಾಸ್ತರ. ನಿಮ್ಮ ಮಾರಿ ನಾ ನೋಡೀನಿ. ನೀವ ಯಾರಿಗಿ ಅಂಜಿ ಸುಮ್ಮ ಇದ್ರಿ?"

ಸರ್ ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತ ನಿಂತಿದ್ದರು. ಅದು ಅವರ ದಯೆ.

ಮುಂದೇನು ಎಂಬ ಮಾತು ಬಂದಾಗ ಸರ್ ಒಂದೇ ದಾರಿ ಹೇಳಿದರು. ನಿಜವಾಗಿಯೂ ಒಗರಿಲ್ಲದ ಮರ ಸಿಕ್ಕರೆ ಈ ಮರಗಳ ತಲೆ ಕಡಿದು, ಅದೇ ಬೊಡ್ಡೆಯ ಮೇಲೆ ಹೊಸ ಕಸಿ ಕೂರಿಸಬಹುದು, ಬೇರು ಗಟ್ಟಿಯಿದೆ, ಮೂರು ವರ್ಷದಲ್ಲಿ ಹಣ್ಣು. ಆದರೆ ಅಂಥ ಮರವನ್ನು ಹುಡುಕಲು ನನ್ನ ನಾಲಗೆ ಇನ್ನು ಯೋಗ್ಯವಲ್ಲ ಎಂದರು. ಮಾಳವ್ವ ಮೊದಲ ಬಾರಿಗೆ ನಕ್ಕಳು.

"ಮೊದಲ ನಮ್ಮನ್ನ ಕೇಳಬೇಕಿಲ್ಲರಿ ಸರ? ಕುರಿ ಹಿಂದ ಅಡ್ಡಾಡಿದವರಿಗಿ ಯಾ ಹಳ್ಳದಾಗ ಯಾ ನೀರಲ ಹಣ್ಣ ವಗರು ಅಂತ ಗೊತ್ತಿರಂಗಿಲ್ಲೇನು?"

ಇಪ್ಪತ್ತು ವರ್ಷ ಹಳ್ಳ ಹಳ್ಳ ತಿರುಗಿದ ವಿಜ್ಞಾನಿ, ಅದೇ ಹಳ್ಳಗಳಲ್ಲಿ ದಿನವೂ ಕುರಿಗೆ ನೀರು ಕುಡಿಸುವವರನ್ನು ಎಂದೂ ಕೇಳಿರಲಿಲ್ಲ. ಸರ್ ಆ ಮಾತನ್ನು ವಹಿಯಲ್ಲಿ ಬರೆದುಕೊಂಡರು. ಹೌದು, ಬರೆದುಕೊಂಡರು. ಮರುದಿನವೇ ಮಾಳವ್ವ ಮತ್ತು ಇನ್ನಿಬ್ಬರು ಹೆಂಗಸರ ಹಿಂದೆ ನಾವು ನಡೆದೆವು. ಅವರು ತೋರಿಸಿದ ನಾಲ್ಕು ಮರಗಳಿಗೆ ಮೂವರೂ ಬೇರೆ ಬೇರೆಯಾಗಿ, ಒಬ್ಬರ ಮುಖ ಒಬ್ಬರು ನೋಡದಂತೆ ತಿಂದು ಬೆರಳೆಣಿಕೆಯಲ್ಲಿ ಅಂಕ ಕೊಟ್ಟರು. ಅಂಕಣದ ತಲೆಯ ಮೇಲೆ ಸರ್ ಮೂವರ ಹೆಸರು ಬರೆದರು. ಮೂವರೂ ಅತಿ ಕಡಿಮೆ ಅಂಕ ಕೊಟ್ಟ ಮರದಿಂದ ಕಡ್ಡಿ ತಂದೆವು.

ಐದು ಮನೆಗಳಲ್ಲಿ ಮೂರು ಮನೆಯವರು ಒಪ್ಪಿದರು. ಒಂದು ಮನೆಯವರು ಬೇಸತ್ತು ಮರಗಳನ್ನು ಕಡಿದೇ ಬಿಟ್ಟರು, ಅವರ ಸಿಟ್ಟು ನ್ಯಾಯವಾದದ್ದೇ ಎಂದು ಸರ್ ಹೇಳಿದರು. ನೆರಳಾದರೂ ಆಯ್ತು ಎಂದಿದ್ದ ಆ ಹಿರಿಯ ಮಾತ್ರ, ಬೀರೋಬನಿಗೆ ಒಪ್ಪಿಸಿದ ಮರಕ್ಕೆ ಕಬ್ಬಿಣ ತಾಗಿಸುವುದಿಲ್ಲ ಎಂದ. ಸರ್ ಕೈಮುಗಿದು ಅವನ ಬೇಲಿಯ ಆಚೆಯೇ ನಿಂತರು. ಅವನ ಮರಗಳು ಇಂದಿಗೂ ಒಗರು ಹಣ್ಣು ಕೊಡುತ್ತವೆ, ಮೊಮ್ಮಕ್ಕಳು ಉಪ್ಪು ಹಚ್ಚಿ ತಿನ್ನುತ್ತಾರೆ.

ಅಡಿಕೆಯನ್ನು ಅವರು ಚಿಕ್ಕು ತಿಂದು ನೋಡಿದ ಆ ಸಂಜೆಯೇ ಬಿಟ್ಟಿದ್ದರು. ಅದಕ್ಕೆ ನನ್ನ ಭಾಷಣ ಕಾರಣವಲ್ಲ. ಮೊದಲ ತಿಂಗಳುಗಳಲ್ಲಿ ಯೋಚನೆ ಬಂದಾಗ ಕೈ ತಾನಾಗಿ ಜೇಬಿಗೆ ಹೋಗಿ ಬರಿದೇ ಹಿಂದಿರುಗುವುದನ್ನು ನೋಡಿದ್ದೇನೆ. ನಾಲಗೆ ತಿರುಗಿ ಬಂತೇ ಎಂದು ಕೇಳಿದರೆ, ನನ್ನ ನಾಲಗೆಯ ಬಗ್ಗೆ ನಾನೇ ಸಾಕ್ಷಿ ಹೇಳುವಂತಿಲ್ಲ ಎಂದು ತಳ್ಳಿಹಾಕುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು, ಎರಡು ಮಾತಾಡಿ, ಮಧ್ಯಾಹ್ನದ ಬಸ್ಸಿಗೆ ತಡವಳಕ್ಕೆ ಬಂದು ಕಸಿಗಳಿಗೆ ಸುತ್ತಿದ ಪಟ್ಟಿ ಸಡಿಲಿಸಿದರು.

ಹೋದ ಜೂನಿನಲ್ಲಿ ಹೊಸ ಕಸಿ ಫಲ ಬಿಟ್ಟಿತು. ಸರ್ ಆಗಲೇ ಬಹಳ ಇಳಿದಿದ್ದರು, ಗಾಡಿಯ ಮೇಲೆ ಕೂರಲಾರದೆ ಬಸ್ಸಿನಲ್ಲಿ ಬಂದರು. ಮಾಳವ್ವ ಬುಟ್ಟಿ ತುಂಬಿಸಿಕೊಂಡು ಗುಡಿಯ ಕಡೆ ಹೊರಟವಳು ಬದುವಿನ ಮೇಲೆ ನಿಂತು, ಬುಟ್ಟಿ ಇಳಿಸಿ, ಒಂದು ಹಣ್ಣನ್ನು ಕೈಗೆತ್ತಿಕೊಂಡಳು. ಅವಳ ಗಂಡ ಏನೋ ಗೊಣಗಿದ. ಅವಳು ಅವನಿಗೂ, ಬಂದಿದ್ದ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕೊಟ್ಟಮ್ಯಾಲ ಹೆಸರಿಡಬಾರದು. ಅದಕ್ಕ ಕೊಡೂಕಿಂತ ಮೊದಲ ತಿಂದ ನೋಡ್ತೀನಿ. ವಗರಿದ್ದದ್ದು ದೇವರಿಗರೆ ಯಾಕ ಕೊಡಬೇಕು?"

ತಿಂದಳು. ಬೀಜ ಉಗುಳಿ, ಬಾಯಿ ಆಡಿಸಿ, ಸರ್ ಮುಖ ನೋಡಿದಳು. ಅವಳು ಏನು ಹೇಳಿದರೂ ಒಪ್ಪುವವರಂತೆ ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ಸೊನ್ನೆ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆ ಎಂದು ಕೇಳಬಾರದು.

"ಸೀ ಅದರಿ. ಖರೇ ಕಡೀಕ ಒಂದ ಚೂರ ವಗರು ಅದ, ಸರ."

ಅವರು ಒಂದು ಎಂದು ಬರೆದರು. ಮಾಳವ್ವ ಇನ್ನೊಂದು ಹಣ್ಣನ್ನು ಸೆರಗಿನಿಂದ ಒರೆಸಿ ಅವರ ಕೈಗಿಟ್ಟು, ನೀವೂ ತಿನ್ನಿರಿ ಎಂದಳು. ಮೂರು ವರ್ಷಗಳಿಂದ ಪರೀಕ್ಷೆಗೆಂದು ಅವರು ಒಂದು ಹಣ್ಣನ್ನೂ ಬಾಯಿಗಿಟ್ಟಿರಲಿಲ್ಲ. ವಹಿಯನ್ನು ನನ್ನ ಕೈಗೆ ಕೊಟ್ಟರು. ಕಚ್ಚಿ, ಕಣ್ಣು ಮುಚ್ಚಿ, ನಿಂತರು. ಇಪ್ಪತ್ತು ಎಣಿಸುವುದಕ್ಕಿಂತ ಬಹಳ ಹೆಚ್ಚು ಹೊತ್ತು ನಿಂತರು. ಅವರ ಕೆನ್ನೆ ನಿಧಾನವಾಗಿ ಒಳಕ್ಕೆ ಸೇದಿಕೊಂಡದ್ದನ್ನು, ತುಟಿಯ ಅಂಚು ಬಿಗಿದದ್ದನ್ನು ನಾನು ಕಂಡೆ. ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

"ಹೌದ, ತಂಗೆವ್ವಾ," ಎಂದರು. "ಕಡೀಕ ಅದ."